ಕರಾರು ಉಳಿಸಿದ ರಾಣಿ: ಬ್ರಗಾಂಜಾದ ಕ್ಯಾಥರೀನ್

ಕೇಳುಗರಿಗೆ ನಮಸ್ಕಾರ.

ಬ್ರಗಾಂಜಾದ ಕ್ಯಾಥರೀನ್ ಎಂಬ ಹೆಸರನ್ನು ನಿಮ್ಮಲ್ಲಿ ಹಲವರು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಓದಿರುತ್ತೀರಿ. ಪೋರ್ಚುಗಲ್ಲಿನ ರಾಜಕುಮಾರಿ, ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸನ ಪತ್ನಿ, ಮುಂಬಯಿಯನ್ನು ಬಳುವಳಿಯಾಗಿ ತಂದವಳು. ಉತ್ತರ ಅಲ್ಲಿಗೆ ಮುಗಿಯುತ್ತದೆ, ಒಂದು ಅಂಕವೂ ದಕ್ಕುತ್ತದೆ. ವರ್ಷಗಟ್ಟಲೆ ಇತಿಹಾಸದ ಪಾಠ ಹೇಳಿದ ನನಗೆ ಈ ಒಂದು ಅಂಕದ ಉತ್ತರದ ಮೇಲೆ ಹಳೆಯ ಸಿಟ್ಟಿದೆ. ಊರನ್ನು ತಂದವಳು ಎಂದು ಹೇಳಿ, ತಂದವಳನ್ನೇ ಮರೆತುಬಿಡುವ ಉತ್ತರ ಅದು. ಕ್ಯಾಥರೀನಳ ಮದುವೆ ಎಂಬುದು ಎರಡು ದೇಶಗಳ ನಡುವಿನ ಒಂದು ಕರಾರು. ಆ ಕರಾರಿಗೆ ಸೇರಿದವರಲ್ಲಿ ತನ್ನ ಪಾಲಿನ ಮಾತನ್ನು ಕೊನೆಯತನಕ ಉಳಿಸಿಕೊಂಡವಳು ಆಕೆಯೊಬ್ಬಳೇ. ಇಂದು ನಾನು ಹೇಳಲು ಬಂದಿರುವುದು ಇಷ್ಟೇ.

ಕರಾರು ಏಕೆ ಬೇಕಾಯಿತು ಎಂಬುದನ್ನು ಮೊದಲು ನೋಡೋಣ. 1580ರಿಂದ ಅರುವತ್ತು ವರ್ಷ ಪೋರ್ಚುಗಲ್ ದೇಶವು ಸ್ಪೇನ್ ದೊರೆಗಳ ಕೈಯಲ್ಲಿತ್ತು. 1640ರಲ್ಲಿ ಬ್ರಗಾಂಜಾ ಮನೆತನದ ಜುವಾಂವ್ ದಂಗೆಯ ಬಲದಿಂದ ಸಿಂಹಾಸನವೇರಿದಾಗ ಆತನ ಮಗಳು ಕ್ಯಾಥರೀನಳಿಗೆ ಎರಡು ವರ್ಷ. ಸ್ಪೇನ್ ಸುಮ್ಮನಿರಲಿಲ್ಲ. ತಂದೆ ತೀರಿಕೊಂಡ ಮೇಲೆ ರಾಜ್ಯಭಾರ ನಡೆಸಿದ ತಾಯಿ ಲೂಯಿಸಾಗೆ ಬೇಕಾಗಿದ್ದದ್ದು ಅಳಿಯನಿಗಿಂತ ಹೆಚ್ಚಾಗಿ ಅಳಿಯನ ಸೈನ್ಯ. 1661ರ ಜೂನಿನಲ್ಲಿ ಸಹಿಯಾದ ಒಪ್ಪಂದದ ಪ್ರಕಾರ ಇಂಗ್ಲೆಂಡ್ ಸೈನಿಕರನ್ನೂ ಹಡಗುಗಳನ್ನೂ ಕಳುಹಿಸಬೇಕು. ಪ್ರತಿಯಾಗಿ ಪೋರ್ಚುಗಲ್ ಇಪ್ಪತ್ತು ಲಕ್ಷ ಕ್ರುಜಾಡೊ ನಾಣ್ಯ, ಆಫ್ರಿಕಾದ ಟಾಂಜಿಯರ್ ಕೋಟೆ, ನಮ್ಮ ಮುಂಬಯಿ ದ್ವೀಪ ಮತ್ತು ವ್ಯಾಪಾರದ ಹಕ್ಕುಗಳನ್ನು ಕೊಡಬೇಕು. ಇವೆಲ್ಲದರ ಜತೆಗೆ ಇಪ್ಪತ್ತಮೂರು ವರ್ಷದ, ಅರಮನೆಯ ಹೊಸಿಲು ದಾಟಿದ್ದೇ ಅಪರೂಪವಾಗಿದ್ದ, ಇಂಗ್ಲಿಷಿನ ಗಂಧವಿಲ್ಲದ ಒಬ್ಬ ಹೆಣ್ಣುಮಗಳು ಹಡಗು ಹತ್ತಬೇಕು.

ಈಗ ಯಾರು ಯಾವ ಮಾತು ತಪ್ಪಿದರು ಎಂಬುದನ್ನು ಗಮನಿಸಿ. 1662ರಲ್ಲಿ ರಾಣಿಯನ್ನು ಕರೆದೊಯ್ಯಲು ಲಿಸ್ಬನ್ನಿಗೆ ಬಂದ ಇಂಗ್ಲಿಷ್ ನೌಕಾಧಿಪತಿಗೆ, ಹಣದಲ್ಲಿ ಅರ್ಧ ಮಾತ್ರ ಈಗ ಸಿಗುತ್ತದೆ, ಅದೂ ನಾಣ್ಯವಾಗಿ ಅಲ್ಲ, ಸಕ್ಕರೆ, ಸಾಂಬಾರ ಪದಾರ್ಥ ಮತ್ತು ಹುಂಡಿಗಳ, ಅಂದರೆ ಮುಂದೆ ಹಣ ಕೊಡುವೆವೆಂಬ ಪತ್ರಗಳ, ರೂಪದಲ್ಲಿ ಎಂದು ತಿಳಿಸಲಾಯಿತು. ಬೀಗರ ಮನೆಯಿಂದ ಹಣದ ಬದಲು ಸಕ್ಕರೆ ಬಂದರೆ ಗಂಡಿನ ಕಡೆಯವರ ಮುಖ ಹೇಗಾಗಿರಬಹುದೆಂದು ನಾನು ವಿವರಿಸಬೇಕಾಗಿಲ್ಲ. ಮುಂಬಯಿಯ ಕಥೆ ಇನ್ನೂ ಕೆಟ್ಟದು. ದ್ವೀಪವನ್ನು ವಶಕ್ಕೆ ಪಡೆಯಲು ಅಬ್ರಹಾಂ ಶಿಪ್‌ಮನ್ ಎಂಬ ಅಧಿಕಾರಿ ಸುಮಾರು ನಾನೂರು ಸೈನಿಕರೊಡನೆ ಬಂದರೆ, ಗೋವೆಯ ಪೋರ್ಚುಗೀಸ್ ವೈಸರಾಯ್ ಕಾಗದಪತ್ರ ಸರಿಯಿಲ್ಲವೆಂದು ನೆಪ ಹೇಳಿ ಕೊಡಲು ಒಪ್ಪಲಿಲ್ಲ. ಸೂರತ್ತಿನ ಇಂಗ್ಲಿಷ್ ವರ್ತಕರು ಮೊಗಲರಿಗೆ ಹೆದರಿ ಅವರನ್ನು ಇಳಿಸಿಕೊಳ್ಳಲಿಲ್ಲ. ಕೊನೆಗೆ ಅವರು ಬೀಡುಬಿಟ್ಟದ್ದು ಎಲ್ಲಿ ಗೊತ್ತೇ? ಕಾರವಾರದ ಕಡೆಯ ಕೇಳುಗರು ದಯವಿಟ್ಟು ಕಿವಿಗೊಡಬೇಕು: ಇಂದು ನೌಕಾನೆಲೆಯ ವ್ಯಾಪ್ತಿಯಲ್ಲಿರುವ, ನಿಮ್ಮ ಎದುರಿನ ಅಂಜುದೀವ್ ದ್ವೀಪದಲ್ಲಿ. ಜ್ವರದಿಂದಲೂ ಅರೆಹೊಟ್ಟೆಯಿಂದಲೂ ಅಲ್ಲಿ ಒಬ್ಬೊಬ್ಬರಾಗಿ ಸತ್ತರು; 1664ರ ಏಪ್ರಿಲಿನಲ್ಲಿ ಶಿಪ್‌ಮನ್ ಕೂಡ ಸತ್ತನು. 1665ರ ಫೆಬ್ರವರಿಯಲ್ಲಿ ಮುಂಬಯಿ ಕೈಗೆ ಸಿಗುವ ವೇಳೆಗೆ ಉಳಿದವರು ನೂರರ ಆಸುಪಾಸಿನಲ್ಲಿದ್ದರು. ಇಷ್ಟು ಜೀವ ತೆತ್ತು ಪಡೆದ ಊರನ್ನು ಚಾರ್ಲ್ಸ್ 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಟಾಂಜಿಯರ್ ಕೋಟೆಯನ್ನು 1684ರಲ್ಲಿ ಇಂಗ್ಲಿಷರೇ ಕೆಡವಿ ಕೈಬಿಟ್ಟರು. ಬಳುವಳಿಯ ಗತಿ ಇದಾದರೆ, ಬಂದವಳ ಪಾಡೇನು?

1662ರ ಮೇ ತಿಂಗಳಿನಲ್ಲಿ ಕ್ಯಾಥರೀನ್ ಪೋರ್ಟ್ಸ್‌ಮತ್ ಬಂದರಿನಲ್ಲಿ ಇಳಿದಳು. ಇಳಿದೊಡನೆ ಕುಡಿಯಲು ಚಹಾ ಕೇಳಿದಳೆಂದೂ, ಚಹಾ ಇಲ್ಲದೆ ಬಿಯರ್ ಕೊಟ್ಟರೆಂದೂ ಒಂದು ಕಥೆಯಿದೆ. ಇಂಗ್ಲೆಂಡಿಗೆ ಚಹಾ ತಂದವಳೇ ಆಕೆ ಎಂದು ಹೇಳುವವರಿದ್ದಾರೆ. ಅದು ತಪ್ಪು, ಲಂಡನ್ನಿನಲ್ಲಿ ಅದಕ್ಕೂ ಮೊದಲೇ ಚಹಾ ಮಾರಾಟವಾಗುತ್ತಿತ್ತು. ಅರಮನೆಯಲ್ಲಿ ಅದನ್ನು ಒಂದು ರೂಢಿಯಾಗಿಸಿದ್ದು ಆಕೆ. ಮೇ 21ರಂದು ಮದುವೆ ಎರಡು ಬಾರಿ ನಡೆಯಿತು: ಮೊದಲು ಆಕೆಯ ಕೋಣೆಯಲ್ಲಿ ಗುಟ್ಟಾಗಿ ಕ್ಯಾಥೊಲಿಕ್ ವಿಧಿಯಂತೆ, ಬಳಿಕ ಎಲ್ಲರೆದುರು ಇಂಗ್ಲೆಂಡಿನ ಚರ್ಚಿನ ವಿಧಿಯಂತೆ. ಗಂಡಹೆಂಡಿರು ಮಾತಾಡಿಕೊಂಡದ್ದು ಇಬ್ಬರದೂ ಅಲ್ಲದ ಸ್ಪ್ಯಾನಿಷ್ ಭಾಷೆಯಲ್ಲಿ, ಅಂದರೆ ಯಾವ ಶತ್ರುವಿಗೆ ಹೆದರಿ ಈ ಮದುವೆ ನಡೆದಿತ್ತೋ ಆ ಶತ್ರುವಿನ ಭಾಷೆಯಲ್ಲಿ.

ಈಗ ನಾನು ಹೇಳಲಿರುವ ಪ್ರಸಂಗವನ್ನು ತರಗತಿಯಲ್ಲಿ ಎಂದೂ ಚುಟುಕಾಗಿ ಹೇಳಲು ನನ್ನಿಂದಾಗಿಲ್ಲ, ಇಂದೂ ಆಗಲಾರದು. ಚಾರ್ಲ್ಸನಿಗೆ ಬಾರ್ಬರಾ ಪಾಮರ್ ಎಂಬ ಪ್ರೇಯಸಿ ಇದ್ದಳು. ಜನ ಆಕೆಯನ್ನು ಲೇಡಿ ಕ್ಯಾಸಲ್‌ಮೇನ್ ಎಂದು ಕರೆಯುತ್ತಿದ್ದರು. ದೊರೆಯ ಮದುವೆಯಾದ ಮರುತಿಂಗಳೇ ಆಕೆ ಅವನ ಗಂಡುಮಗುವನ್ನು ಹೆತ್ತಳು. ಈ ಹೆಸರು ಲಿಸ್ಬನ್ನಿಗೂ ಮುಟ್ಟಿತ್ತು. ಅವಳನ್ನು ಹತ್ತಿರ ಸೇರಿಸಬೇಡವೆಂದು ತಾಯಿ ಮಗಳಿಗೆ ಎಚ್ಚರ ಹೇಳಿಯೇ ಕಳುಹಿಸಿದ್ದಳು. ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ರಾಣಿಯ ಶಯನಗೃಹದ ಸಖಿಯರ ಪಟ್ಟಿಯನ್ನು ಚಾರ್ಲ್ಸ್ ಹೆಂಡತಿಯ ಕೈಗಿತ್ತನು. ಪಟ್ಟಿಯ ತಲೆಯಲ್ಲೇ ಆ ಹೆಸರು. ಕ್ಯಾಥರೀನ್ ಮಾತಾಡಲಿಲ್ಲ, ಆ ಹೆಸರನ್ನು ಹೊಡೆದುಹಾಕಿದಳು. ಕೆಲವು ದಿನಗಳಾದ ಮೇಲೆ, ತುಂಬಿದ ಸಭೆಯಲ್ಲಿ ದೊರೆ ಒಬ್ಬ ಚೆಲುವೆಯ ಕೈಹಿಡಿದು ತಂದು ರಾಣಿಗೆ ಪರಿಚಯಿಸಿದನು. ಹೆಸರು ಸರಿಯಾಗಿ ಕಿವಿಗೆ ಬೀಳದ ರಾಣಿ ನಸುನಕ್ಕು ಕೈ ಮುಂದೆ ಚಾಚಿದಳು. ಪಕ್ಕದಲ್ಲಿದ್ದವರು ಅವಳು ಇಂಥವಳೆಂದು ಪಿಸುಗುಟ್ಟಿದ್ದೇ ತಡ, ರಾಣಿಯ ಮುಖ ಬಿಳಿಚಿತು, ಕಣ್ಣಲ್ಲಿ ನೀರು ಬಂತು, ಮೂಗಿನಿಂದ ರಕ್ತ ಸುರಿಯಿತು. ಎಚ್ಚರ ತಪ್ಪಿದವಳನ್ನು ಎತ್ತಿಕೊಂಡು ಒಳಗೆ ಹೋಗಬೇಕಾಯಿತು.

ದೊರೆಗೆ ಮರುಕ ಬರಲಿಲ್ಲ, ಮಾನ ಹೋಯಿತೆಂಬ ಕೋಪ ಬಂತು. ಈ ವಿಷಯದಲ್ಲಿ ತನಗೆ ಅಡ್ಡ ಬರುವವನು ಬದುಕಿರುವತನಕ ತನ್ನ ಶತ್ರು ಎಂದು ತನ್ನ ಮುಖ್ಯ ಮಂತ್ರಿ ಕ್ಲಾರೆಂಡನ್ನನಿಗೆ ಬರೆದನು. ಮಡದಿಯನ್ನು ಒಪ್ಪಿಸುವ ಕೆಲಸವನ್ನೂ ಅವನ ತಲೆಗೇ ಕಟ್ಟಿದನು. ತವರಿಗೆ ಹೊರಟುಹೋಗುತ್ತೇನೆ ಎಂದು ಕ್ಯಾಥರೀನ್ ಅಂದಾಗ, ನಿನ್ನ ತಾಯಿ ನಿನ್ನನ್ನು ಸೇರಿಸಿಕೊಳ್ಳುತ್ತಾಳೆಯೇ ಎಂಬುದನ್ನು ಮೊದಲು ತಿಳಿದುಕೊ ಎಂಬ ಅರ್ಥದ ಉತ್ತರ ಬಂತು. ಜತೆಗೆ ಬಂದಿದ್ದ ಪೋರ್ಚುಗೀಸ್ ಪರಿವಾರದಲ್ಲಿ ಬಹುಪಾಲು ಜನರನ್ನು ಹಿಂದಕ್ಕೆ ಅಟ್ಟಲಾಯಿತು. ಕಣ್ಣು ಮಂಜಾಗಿದ್ದ ಪೆನಾಲ್ವಾದ ಕೌಂಟೆಸ್ ಮತ್ತು ಕೆಲವೇ ಮಂದಿ ಉಳಿದರು. ರಾಣಿ ಬಂದರೆ ಸಭೆಯಲ್ಲಿ ನಗು ನಿಲ್ಲುತ್ತಿತ್ತು, ಆಚೆ ಹೋದರೆ ಮತ್ತೆ ಶುರುವಾಗುತ್ತಿತ್ತು. ಆ ಬೇಸಗೆ ಕಳೆಯುವುದರೊಳಗೆ ಆಕೆ ಮಣಿದಳು; ಬಾರ್ಬರಾ ಜತೆ ಎಲ್ಲರೆದುರು ನಗುತ್ತಾ ಮಾತಾಡಿದಳು. ಇದನ್ನು ಸೋಲೆಂದು ಬರೆದವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಆಕೆ ಹಡಗು ಹತ್ತಿ ಹಿಂದಿರುಗಿದ್ದರೆ ಗಡಿಯಲ್ಲಿ ಸ್ಪೇನಿನ ಎದುರು ನಿಂತಿದ್ದ ಇಂಗ್ಲಿಷ್ ದಳವೂ ಹಿಂದಿರುಗುತ್ತಿತ್ತು. 1663ರಲ್ಲಿ ಅಮೈಶಿಯಾಲ್, 1665ರಲ್ಲಿ ಮೊಂಟೆಸ್ ಕ್ಲಾರೋಸ್, ಈ ಎರಡೂ ಕದನಗಳಲ್ಲಿ ಪೋರ್ಚುಗಲ್ ಗೆದ್ದಾಗ ಆ ದಳ ಜತೆಗಿತ್ತು. 1668ರಲ್ಲಿ ಸ್ಪೇನ್ ಪೋರ್ಚುಗಲ್ಲಿನ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು. ಕರಾರು ಉಳಿಸಿದವಳು ಆಕೆ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿ.

ಹತ್ತು ನಿಮಿಷದ ಭಾಷಣದಲ್ಲಿ ಒಂದು ಬೇಸಗೆಗೇ ಇಷ್ಟು ಹೊತ್ತು ಕೊಟ್ಟ ಮೇಲೆ ಉಳಿದ ನಲವತ್ತು ವರ್ಷಗಳನ್ನು ಓಡಿಸದೆ ನಿರ್ವಾಹವಿಲ್ಲ. ಆಕೆಗೆ ಮಕ್ಕಳಾಗಲಿಲ್ಲ, ನಿಂತ ಬಸುರೂ ಉಳಿಯಲಿಲ್ಲ. ಅದೊಂದು ಮಾತ್ರ ಆಕೆಯ ಕೈಯಲ್ಲಿರಲಿಲ್ಲ. 1663ರ ಅಕ್ಟೋಬರಿನಲ್ಲಿ ಜ್ವರ ಏರಿ, ತಲೆಗೂದಲು ಕತ್ತರಿಸಿ, ಆ ಕಾಲದ ವೈದ್ಯದಂತೆ ಪಾದಗಳಿಗೆ ಪಾರಿವಾಳಗಳನ್ನು ಕಟ್ಟಿದ್ದ ಸ್ಥಿತಿಯಲ್ಲಿ ಆಕೆ ಗಂಡುಮಗು ಹೆತ್ತೆನೆಂದು ಬಡಬಡಿಸಿದಳು. ಮಗು ಚೆನ್ನಾಗಿಲ್ಲವೆಂದು ಕೊರಗಿದಳು. ಹಾಸಿಗೆಯ ಬಳಿಯಿದ್ದ ಚಾರ್ಲ್ಸ್, ಇಲ್ಲ, ಬಲು ಚೆಂದದ ಮಗು ಎಂದನು. ನಿನ್ನಂತಿದ್ದರೆ ಚೆಂದವೇ ಸರಿ ಎಂದಳಂತೆ. ಅವನ ಮೇಲಿನ ನನ್ನ ಕೋಪ ಸ್ವಲ್ಪ ಇಳಿಯುವುದು ಇಲ್ಲಿ. 1678ರಲ್ಲಿ ಟೈಟಸ್ ಓಟ್ಸ್ ಎಂಬ ಸುಳ್ಳುಗಾರ, ರಾಣಿ ದೊರೆಗೆ ವಿಷವಿಕ್ಕಲು ಸಂಚು ಮಾಡಿದ್ದಾಳೆಂದು ದೂರಿದಾಗಲೂ, ಅವಳನ್ನು ಬಿಟ್ಟು ಬೇರೆ ಮದುವೆಯಾಗೆಂದು ದೊಡ್ಡವರು ಒತ್ತಾಯಿಸಿದಾಗಲೂ ಚಾರ್ಲ್ಸ್ ಆಕೆಯನ್ನು ಬಿಟ್ಟುಕೊಡಲಿಲ್ಲ. 1685ರ ಫೆಬ್ರವರಿಯಲ್ಲಿ ಅವನು ಸಾಯುವಾಗ, ದುಃಖದಿಂದ ಕುಸಿದಿದ್ದ ಆಕೆ ತನ್ನ ತಪ್ಪುಗಳನ್ನು ಕ್ಷಮಿಸಬೇಕೆಂದು ಹೇಳಿಕಳುಹಿಸಿದಳು. ಅವಳು ನನ್ನ ಕ್ಷಮೆ ಕೇಳುವುದೇ, ನಾನೇ ಅವಳ ಕ್ಷಮೆ ಕೇಳಬೇಕು ಎಂದು ಅವನು ಮರುನುಡಿದನು.

ಆಕೆ ತವರಿಗೆ ಮರಳಿದ್ದು ಮೂವತ್ತು ವರ್ಷಗಳ ಬಳಿಕ, 1693ರ ಆರಂಭದಲ್ಲಿ. ತಮ್ಮ ಪೆಡ್ರೊ ದೊರೆಯಾಗಿದ್ದ. ಅವನು ಕಾಯಿಲೆ ಬಿದ್ದಾಗ ರಾಜ್ಯಭಾರವನ್ನು ವಹಿಸಿಕೊಂಡದ್ದು ಈ ಅಕ್ಕ. 1705ರ ಡಿಸೆಂಬರ್ 31ರಂದು ಲಿಸ್ಬನ್ನಿನಲ್ಲಿ ತೀರಿಕೊಂಡಾಗ ಆಕೆಗೆ ಅರುವತ್ತೇಳು ವರ್ಷ. ಆ ವರ್ಷ ಸ್ಪೇನಿನ ಗಡಿಯಲ್ಲಿ ಮತ್ತೆ ಯುದ್ಧ ನಡೆಯುತ್ತಿತ್ತು, ಮತ್ತು ಪೋರ್ಚುಗೀಸ್ ಸೈನಿಕರ ಪಕ್ಕದಲ್ಲಿ ಇಂಗ್ಲಿಷ್ ಸೈನಿಕರು ನಿಂತಿದ್ದರು.

ನಮಸ್ಕಾರ.