ತೊಟ್ಟಿಯಲ್ಲಿ ತೇಲದ ಯುರೇನಿಯಂ

(ದೃಶ್ಯ: ಚಿಕ್ಕಮಗಳೂರಿನ ಕಾಫಿ ತೋಟ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಪಕ್ಕದ ನೀರಿನ ತೊಟ್ಟಿಗೆ ಹಣ್ಣು ಸುರಿಯುತ್ತಿದ್ದಾರೆ.)

ನಮಸ್ಕಾರ. ನೋಡಿ, ಜೊಳ್ಳು ಹಣ್ಣು ತೇಲ್ತು, ಗಟ್ಟಿ ಹಣ್ಣು ಮುಳುಗ್ತು. ಬೇರೆ ಮಾಡೋದು ಎಷ್ಟು ಸಲೀಸು! ಯುರೇನಿಯಂ ಹೀಗೆಲ್ಲ ಬಗ್ಗೋ ಪೈಕಿ ಅಲ್ಲ.

ಜಾರ್ಖಂಡ್‌ನ ಜಾದೂಗುಡದಲ್ಲಿ ಒಂದು ಟನ್ ಅದಿರು ಅಗೆದರೆ ಯುರೇನಿಯಂ ಒಂದು ಕಿಲೋನೂ ಸಿಗಲ್ಲ. ಅದನ್ನ ಹೊರಗೆ ತರೋದು ಹೇಗೆ? ನಾಲ್ಕು ಎಲೆಕ್ಟ್ರಾನ್ ಕಳಕೊಂಡ ಯುರೇನಿಯಂ ಕಲ್ಲಿನಂಥದ್ದು, ನೀರಲ್ಲಿ ಕರಗೋದೇ ಕಷ್ಟ. ಇನ್ನೆರಡು ಕಿತ್ತುಕೊಂಡರೆ ಸುಲಭವಾಗಿ ಕರಗುತ್ತೆ. ಅದಕ್ಕೇ ಅದಿರನ್ನ ಪುಡಿ ಮಾಡಿ ಸಲ್ಫ್ಯೂರಿಕ್ ಆಮ್ಲಕ್ಕೆ ಹಾಕ್ತಾರೆ, ಆ ಎರಡು ಎಲೆಕ್ಟ್ರಾನ್ ಕೀಳೋಕೆ ಮ್ಯಾಂಗನೀಸ್ ಡೈಆಕ್ಸೈಡ್ ಸೇರಿಸ್ತಾರೆ. ಕರಗಿದ್ದನ್ನ ಮತ್ತೆ ಗಷ್ಟಾಗಿಸಿದರೆ ಹಳದಿ ಪುಡಿ. ಹೆಸರು ಯೆಲ್ಲೋ ಕೇಕ್. ಬೇಕರಿಗೆ ಸಂಬಂಧ ಇಲ್ಲ!

(ದೃಶ್ಯ: ಹಳದಿ ಪುಡಿ, ಆಮೇಲೆ ಕಪ್ಪು ಬಿಲ್ಲೆಗಳು.)

ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್‌ನಲ್ಲಿ ಅದನ್ನ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಶುದ್ಧ ಮಾಡ್ತಾರೆ. ಯುರೇನಿಯಂ ಸೀಳೋದು ನ್ಯೂಟ್ರಾನ್ ಅನ್ನೋ ಕಣ ಬಡಿದಾಗ; ಬೋರಾನ್ ಚೂರು ಉಳಿದರೂ ಆ ನ್ಯೂಟ್ರಾನನ್ನ ನುಂಗಿಬಿಡುತ್ತೆ, ಅಷ್ಟು ನಾಜೂಕು. ಕೊನೆಗೆ ಹೈಡ್ರೋಜನ್ ಬಂದು ಕಿತ್ತ ಎರಡು ಎಲೆಕ್ಟ್ರಾನನ್ನ ವಾಪಸ್ ಕೊಡುತ್ತೆ. ಮತ್ತೆ ಕಲ್ಲು: ಯುರೇನಿಯಂ ಡೈಆಕ್ಸೈಡ್. 2,800 ಡಿಗ್ರಿ ದಾಟಿದರೇ ಕರಗೋದು. ಒತ್ತಿ, ಸುಟ್ಟು, ಬಿಲ್ಲೆ ಮಾಡ್ತಾರೆ.

ರಸಾಯನಶಾಸ್ತ್ರದ ಕೈ ಇಲ್ಲಿವರೆಗೆ ಮಾತ್ರ. ಯಾಕಂದ್ರೆ ಸುಲಭವಾಗಿ ಸೀಳೋ ಯುರೇನಿಯಂ-235 ಇರೋದು ಶೇಕಡಾ 0.7ರಷ್ಟು. ಉಳಿದದ್ದು ಹೆಚ್ಚೂಕಮ್ಮಿ ಎಲ್ಲಾ 238. ಇಬ್ಬರಿಗೂ 92 ಎಲೆಕ್ಟ್ರಾನ್, ಆಮ್ಲಕ್ಕೆ ಗುರುತೇ ಸಿಗಲ್ಲ. ಉಳಿದಿರೋದು ತೂಕದ ದಾರಿ. ಫ್ಲೋರಿನ್ ಸೇರಿಸಿ ಅನಿಲ ಮಾಡಿದರೆ ಒಂದರ ತೂಕ 349, ಇನ್ನೊಂದರದ್ದು 352. ಪ್ರಕೃತಿಯಲ್ಲಿ ಫ್ಲೋರಿನ್ ಇರೋದು ಒಂದೇ ಥರ, ಹಾಗಾಗಿ ವ್ಯತ್ಯಾಸ ಪೂರ್ತಿ ಯುರೇನಿಯಂದೇ. ನೂರಕ್ಕೆ ಒಂದೂ ಇಲ್ಲ! ಯಂತ್ರಗಳನ್ನ ಸಾಲುಸಾಲಾಗಿ ಗಿರಗಿರ ತಿರುಗಿಸಿ ಬೇರೆ ಮಾಡಬೇಕು.

ನಮ್ಮ ಕೈಗಾ ಅಣುಸ್ಥಾವರದಲ್ಲಿ ಆ ರಗಳೆ ಬೇಡ. ಹತ್ತೊಂಬತ್ತು ಕೊಳವೆಯ ಅರ್ಧ ಮೀಟರ್ ಕಟ್ಟು, ಒಳಗೆ ಸುಮಾರು 15 ಕಿಲೋ ಬಿಲ್ಲೆ, 235 ಮತ್ತು 238 ಒಟ್ಟಿಗೇ.

ಇದನ್ನ ಹೇಳಿದಾಗ ತೋಟದ ರೈಟರ್ ನಕ್ಕರು: "ಜೊಳ್ಳು ಸಮೇತ ಪಲ್ಪರ್‌ಗೆ ಹಾಕಿದ ಹಾಗಾಯ್ತಲ್ಲ ಸಾರ್!"

ಹೌದು, ಆದರೆ ಅಲ್ಲಿರೋದು ಭಾರಜಲ, ಅಂದ್ರೆ ತೂಕದ ಹೈಡ್ರೋಜನ್ ಇರೋ ನೀರು. ಮಾಮೂಲಿ ನೀರು ನ್ಯೂಟ್ರಾನನ್ನ ನಿಧಾನ ಮಾಡೋದರ ಜೊತೆ ಒಂದಿಷ್ಟು ನುಂಗುತ್ತೆ. ಭಾರಜಲ ನುಂಗೋದು ತೀರಾ ಕಮ್ಮಿ, ಹಾಗಾಗಿ 0.7 ಸಾಕು. ಇನ್ನು ಆ ಜೊಳ್ಳು ಇದೆಯಲ್ಲ, 238? ಅದರಲ್ಲಿ ಒಂದಷ್ಟು ನ್ಯೂಟ್ರಾನ್ ಹಿಡಿದು ಪ್ಲುಟೋನಿಯಂ-239 ಆಗುತ್ತೆ, ಅದೇ ರಿಯಾಕ್ಟರ್‌ನಲ್ಲಿ ತಾನೂ ಸೀಳುತ್ತೆ.

(ದೃಶ್ಯ: ತೊಟ್ಟಿಯಲ್ಲಿ ತೇಲುತ್ತಿರುವ ಹಣ್ಣು.)