ಕಂದನ ಕಣ್ಣಲ್ಲಿ ನಿಲ್ಲದ ನೀರು
(ಮಂಡ್ಯದಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ಬಾಣಂತಿ ಮನೆಗೆ ಬಂದ ಮೇಲೆ ಮಗುವನ್ನು ಹತ್ತಿರದಿಂದ ನೋಡುವವರು ನೀವು. 3, 7, 14, 21, 28, 42ನೇ ದಿನದ ಭೇಟಿಗಳು ನಿಮಗೆ ಬಾಯಿಪಾಠ. ಇವುಗಳಲ್ಲಿ 14ನೇ ದಿನ ದಾಟಿದ ಮೇಲೆ ಕೇಳಿಬರುವ ಒಂದು ಮಾತಿದೆ: "ಅಕ್ಕ, ಮಗಿನ ಒಂದ್ ಕಣ್ಣಲ್ಲಿ ನೀರು ಸುರೀತಾನೇ ಅದೆ. ಬೆಳಿಗ್ಗೆ ನೋಡುದ್ರೆ ಗೀಜು ಕಟ್ಟಿ ರೆಪ್ಪೆನೇ ಬಿಡಲ್ಲ." ಆ ತಾಯಿಗೆ ನೀವು ಏನು ಹೇಳಬೇಕು, ಅವಳ ಮಗುವಿಗೆ ಏನು ಮಾಡಿ ತೋರಿಸಬೇಕು ಎಂಬುದೇ ಇವತ್ತಿನ ವಿಷಯ.

ನಾವು ಅತ್ತಾಗ ಮೂಗೂ ಸೋರುತ್ತದೆ, ಗಮನಿಸಿದ್ದೀರಿ. ಕಣ್ಣೀರಿಗೆ ಮೂಗಿನೊಳಗೆ ಹೋಗುವ ದಾರಿ ಇದೆ. ಮೇಲಿನ ರೆಪ್ಪೆ, ಕೆಳಗಿನ ರೆಪ್ಪೆ ಎರಡರಲ್ಲೂ ಮೂಗಿನ ಕಡೆಯ ಮೂಲೆಯಲ್ಲಿ ಸೂಜಿಮೊನೆಯಷ್ಟು ಒಂದೊಂದು ತೂತಿದೆ. ಅಲ್ಲಿಂದ ನೀರು ಸಣ್ಣ ಕೊಳವೆಗಳಲ್ಲಿ ಹರಿದು ಮೂಗಿನ ಬುಡದ ಪಕ್ಕದ ಪುಟ್ಟ ಚೀಲಕ್ಕೆ ಬರುತ್ತದೆ, ಚೀಲದಿಂದ ನಾಳದ ಮೂಲಕ ಮೂಗಿಗೆ ಇಳಿಯುತ್ತದೆ. ಹೊಟ್ಟೆಯಲ್ಲಿರುವಾಗ ಈ ನಾಳದ ಕೆಳತುದಿಗೆ ತೆಳುವಾದ ಪೊರೆ ಇರುತ್ತದೆ. ಹುಟ್ಟುವ ಹೊತ್ತಿಗೆ ಅದು ತೆರೆದುಕೊಳ್ಳಬೇಕು. ನೂರರಲ್ಲಿ 5ರಿಂದ 20 ಮಕ್ಕಳಲ್ಲಿ ತೆರೆದಿರುವುದಿಲ್ಲ. ಹುಟ್ಟಿದ ಕೂಡಲೇ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಮೊದಲ ವಾರಗಳಲ್ಲಿ ಮಗುವಿಗೆ ಕಣ್ಣೀರು ಬರುವುದೇ ಕಡಿಮೆ. ನೀರು ಹೆಚ್ಚಾದಂತೆ ಚೀಲ ತುಂಬಿ, ಹಿಂದಕ್ಕೆ ಉಕ್ಕಿ, ಕೆನ್ನೆಗೆ ಇಳಿಯುತ್ತದೆ. ನಿಂತ ನೀರಿನಲ್ಲಿ ಸೋಂಕು ಸೇರಿ ಗೀಜಾಗುತ್ತದೆ. ಆದರೂ ಕಣ್ಣಿನ ಬಿಳಿ ಬೆಳ್ಳಗೇ ಇರುತ್ತದೆ. ಈ ಗುರುತು ಮರೆಯಬೇಡಿ.

ಇಂಥ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೆ ವರ್ಷ ತುಂಬುವುದರೊಳಗೆ ದಾರಿ ತಾನಾಗಿ ಬಿಡುತ್ತದೆ. ಆ ವರ್ಷದಲ್ಲಿ ಕೆಡುಕಾಗುವುದು ಮನೆಮದ್ದಿನಿಂದ. ಎರೆಯುವ ಅಜ್ಜಿ ಕಣ್ಣಿಗೆ ಹರಳೆಣ್ಣೆ ಬಿಡುತ್ತಾರೆ, ಎದೆಹಾಲು ಹಿಂಡುತ್ತಾರೆ, ದೃಷ್ಟಿಗೆಂದು ಕಾಡಿಗೆ ತೀಡುತ್ತಾರೆ, ಸಾಂಬ್ರಾಣಿ ಹೊಗೆ ಹಿಡಿಯುತ್ತಾರೆ. ಅಜ್ಜಿಯ ಪ್ರೀತಿಯಲ್ಲಿ ಕೊರತೆಯಿಲ್ಲ, ಅವರನ್ನು ಗದರಬೇಡಿ. ಎಣ್ಣೆ ಮೈಗೆ ಮಾತ್ರ ಇರಲಿ, ದೃಷ್ಟಿಬೊಟ್ಟು ಅಂಗಾಲಿಗೆ ಇಡಿ ಎನ್ನಿ, ಕೇಳುತ್ತಾರೆ. ಹಾಲು ಸೋಂಕಿಗೆ ಮೇವಾಗುತ್ತದೆ, ಹೊಗೆ ನೀರನ್ನು ಹೆಚ್ಚಿಸುತ್ತದೆ, ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ.

ಮಾಡಬೇಕಾದ ಕೆಲಸ ಬೆರಳಿನದು. 1923ರಲ್ಲಿ ಕ್ರಿಗ್ಲರ್ ಎಂಬ ವೈದ್ಯರು ಬರೆದಿಟ್ಟ ಕ್ರಮವನ್ನೇ ಇವತ್ತಿಗೂ ಹೇಳಿಕೊಡುತ್ತೇವೆ. ಉಗುರು ಕತ್ತರಿಸಿ, ಸೋಪಿನಲ್ಲಿ ಕೈ ತೊಳೆಯಲಿ. ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ ಆ ಹತ್ತಿ ಎಸೆಯಲಿ. ಮತ್ತೆ ಒರೆಸಲು ಹೊಸ ಹತ್ತಿ. ಆಮೇಲೆ ಕಿರುಬೆರಳಿನ ತುದಿಯನ್ನು ಕಣ್ಣಿನ ಒಳಮೂಲೆಗೂ ಮೂಗಿನ ಬುಡಕ್ಕೂ ನಡುವೆ ಇಡಬೇಕು. ಅಲ್ಲೊಂದು ಮೂಳೆಯ ಏಣು ಸಿಗುತ್ತದೆ. ಅದರ ಹಿಂದೆಯೇ ಮೆತ್ತಗಿನ ಗುಳಿ. ಚೀಲ ಇರುವುದು ಆ ಗುಳಿಯಲ್ಲಿ. ಬೆರಳನ್ನು ಮೊದಲು ಒಳಕ್ಕೆ ಒತ್ತಿ ಚೀಲದ ಮೇಲಿನ ಬಾಯಿ ಮುಚ್ಚಿಕೊಳ್ಳುವಂತೆ ಮಾಡಿ, ಒತ್ತಡ ಬಿಡದೆ ಮೂಗಿನ ಪಕ್ಕದಲ್ಲಿ ಕೆಳಕ್ಕೆ ಜಾರಿಸಬೇಕು. ಒಳಗಿನ ನೀರು ರಭಸದಿಂದ ಕೆಳಕ್ಕೆ ನುಗ್ಗಿ ಪೊರೆಯನ್ನು ಒಡೆಯಬೇಕು, ಉದ್ದೇಶ ಅಷ್ಟೇ. ಒಮ್ಮೆಗೆ 10 ಸಲ, ದಿನಕ್ಕೆ 3-4 ಹೊತ್ತು. ಹಾಲು ಕುಡಿದು ತೂಕಡಿಸುವಾಗ ಮಾಡಿದರೆ ಮಗು ಕೊಸರಾಡುವುದಿಲ್ಲ.

"ತಿಂಗಳಿಂದ ಒತ್ತಿದ್ದೀವಿ, ಏನೂ ಆಗಿಲ್ಲ" ಎನ್ನುವವರ ಕೈ ಹಿಡಿದು ನೋಡಿ. ಹಲವರು ಮೂಗಿನ ಮೂಳೆಯ ಮೇಲೆ ಸವರುತ್ತಿರುತ್ತಾರೆ, ಕೆಲವರು ಕೆನ್ನೆ ತಿಕ್ಕುತ್ತಿರುತ್ತಾರೆ, ಇನ್ನು ಕೆಲವರು ನೋವಾದೀತೆಂದು ಚರ್ಮ ಮುಟ್ಟಿ ಬಿಡುತ್ತಾರೆ. ಬೆರಳ ತುದಿ ಸ್ವಲ್ಪ ಬಿಳಿಚಿಕೊಳ್ಳುವಷ್ಟು ಒತ್ತಡ ಬೇಕು. ಕಣ್ಣುಗುಡ್ಡೆಯ ಮೇಲೆ ಮಾತ್ರ ಒತ್ತಡ ಬೀಳಲೇಬಾರದು. ಒತ್ತಿದಾಗ ಒಳಮೂಲೆಯಿಂದ ಗೀಜು ಉಕ್ಕಿದರೆ ಹೆದರಬೇಡಿ, ಬೆರಳು ಚೀಲದ ಮೇಲೇ ಇದೆ ಎಂದರ್ಥ. ಒರೆಸಿ ಮುಂದುವರಿಸಿ.

ಡ್ರಾಪ್ಸ್ ಬೇಕಾಗುವುದು ಗೀಜು ಹಳದಿ-ಹಸಿರಾಗಿ ಹೆಚ್ಚಾದಾಗ, ಅದೂ ವೈದ್ಯರು ಬರೆದುಕೊಟ್ಟಷ್ಟು ದಿನ. ಡ್ರಾಪ್ಸ್ ಸೋಂಕನ್ನು ತಗ್ಗಿಸುತ್ತದೆ, ಪೊರೆಯನ್ನು ಬಿಡಿಸುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಬಾಟಲಿಯಲ್ಲಿ ಸ್ಟೀರಾಯ್ಡ್ ಇದ್ದರೆ ದಿನಗಟ್ಟಲೆ ಹಾಕಿ ಕಣ್ಣಿನ ಒತ್ತಡ ಏರಬಹುದು, ಕಣ್ಣಿನ ಪೊರೆಯೂ (ಕ್ಯಾಟರಾಕ್ಟ್) ಬರಬಹುದು.

ವರ್ಷವಾದರೂ ನೀರು ನಿಲ್ಲದಿದ್ದರೆ ಕಣ್ಣಿನ ವೈದ್ಯರು ಹಳದಿ ಬಣ್ಣದ ಒಂದು ಹನಿ ಹಾಕಿ 5 ನಿಮಿಷ ಕಾದು ನೋಡುತ್ತಾರೆ. ಬಣ್ಣ ಇಳಿಯದೆ ಕಣ್ಣಲ್ಲೇ ಉಳಿದರೆ ದಾರಿ ಕಟ್ಟಿದೆ. ಆಗ ಅರಿವಳಿಕೆ ಕೊಟ್ಟು, ತೆಳುವಾದ ಲೋಹದ ಕಡ್ಡಿಯನ್ನು ರೆಪ್ಪೆಯ ತೂತಿನಿಂದ ಇಳಿಸಿ ಪೊರೆ ಬಿಡಿಸುತ್ತಾರೆ. ಇದಕ್ಕೆ ಪ್ರೋಬಿಂಗ್ ಎನ್ನುತ್ತಾರೆ. ಕೊಯ್ತ ಇಲ್ಲ, ಹೊಲಿಗೆ ಇಲ್ಲ. ಎದೆಹಾಲನ್ನು 4 ಗಂಟೆ ಮೊದಲೇ ನಿಲ್ಲಿಸಬೇಕು. ಅಳುತ್ತದೆಂದು ಅಜ್ಜಿ ಗುಟ್ಟಾಗಿ ಕುಡಿಸಿದರೆ ಅರಿವಳಿಕೆಯಲ್ಲಿ ಹಾಲು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ, ಇದನ್ನು ಮನೆಯವರೆಲ್ಲರ ಎದುರು ಹೇಳಿ. ಒಂದೆರಡು ದಿನ ಮೂಗಲ್ಲಿ ನಸುಗೆಂಪು ನೀರು ಬಂದರೆ ಗಾಬರಿ ಬೇಡ. ಅದರಲ್ಲೂ ಸರಿಹೋಗದ ಕೆಲವರಿಗೆ ನಾಳದಲ್ಲಿ ಸಿಲಿಕೋನ್ ಎಳೆ ಇಡಬೇಕಾಗುತ್ತದೆ.

ವರ್ಷ ಕಾಯಿರಿ ಎಂದೆ. ಕಾಯಬಾರದ ಮಕ್ಕಳೂ ಇದ್ದಾರೆ, ನಿಮ್ಮ ಕಣ್ಣು ಇಲ್ಲಿ ಚುರುಕಾಗಿರಬೇಕು. ಹುಟ್ಟಿದಾಗಲೇ ಮೂಗಿನ ಬುಡದಲ್ಲಿ ನೀಲಿ ಗಂಟಿದ್ದರೆ ಅದು ಮೂಗಿನೊಳಗೂ ಉಬ್ಬಿರಬಹುದು. ಎಳೆಗೂಸು ಉಸಿರಾಡುವುದು ಹೆಚ್ಚಾಗಿ ಮೂಗಿನಿಂದಲೇ, ಹಾಗಾಗಿ ಅದೇ ದಿನ ಆಸ್ಪತ್ರೆಗೆ. ಒಳಮೂಲೆ ಕೆಂಪಾಗಿ ಊದಿ ಜ್ವರ ಬಂದರೂ ಅದೇ ದಿನ, ಅಂಥ ಊತವನ್ನು ಒತ್ತಬಾರದು. ಮೊದಲ 28 ದಿನಗಳಲ್ಲಿ ರೆಪ್ಪೆ ಊದಿ ಕೀವು ಧಾರಾಳವಾಗಿ ಬಂದರೆ ಅದು ಹೆರಿಗೆಯ ದಾರಿಯಲ್ಲಿ ತಗುಲಿದ ಸೋಂಕಾಗಿರಬಹುದು, ಕಣ್ಣಿನ ಕರಿಗುಡ್ಡೆಯನ್ನೇ ತೂತು ಮಾಡಬಲ್ಲದು.

ಎಲ್ಲಕ್ಕಿಂತ ಹೆಚ್ಚು ಕೈತಪ್ಪಿ ಹೋಗುವುದು ಹುಟ್ಟು ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ನೋಟದ ನರ ಕೆಡುವ ಕಾಯಿಲೆ. ಅದರಲ್ಲೂ ನೀರು ಬರುತ್ತದೆ, ಆದರೆ ಗೀಜು ಇರುವುದಿಲ್ಲ. ಮಗು ಬೆಳಕಿಗೆ ತಂದರೆ ಕಣ್ಣು ಬಿಗಿಯಾಗಿ ಮುಚ್ಚಿ ಮುಖ ತಾಯಿಯ ಎದೆಗೆ ಹುದುಗಿಸುತ್ತದೆ. ನಾಳ ಕಟ್ಟಿದ ಕಡೆಯ ಮೂಗು ಒಣಗಿರುತ್ತದೆ. ಗ್ಲಾಕೋಮಾದಲ್ಲಿ ದಾರಿ ತೆರೆದೇ ಇರುವುದರಿಂದ ಮೂಗೂ ಸೋರುತ್ತದೆ. ಹುಟ್ಟಿದಾಗ ಕರಿಗುಡ್ಡೆಯ ಅಗಲ ಸುಮಾರು 10 ಮಿಲಿಮೀಟರ್. ವರ್ಷದೊಳಗೆ 12 ದಾಟಿದರೆ ಅನುಮಾನ ಪಡಬೇಕು. "ಎಷ್ಟು ದೊಡ್ಡ ಕಣ್ಣು, ಲಕ್ಷ್ಮಿ ಹಾಗಿದ್ದಾಳೆ" ಎಂದು ಮನೆಯವರು ಹಿಗ್ಗುತ್ತಿರುವಾಗ ಒಳಗೆ ನರ ಸಾಯುತ್ತಿರಬಹುದು. ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿ ಇನ್ನೂ ಇದೆ, ಈ ಕಾಯಿಲೆ ಸಂಬಂಧದೊಳಗಿನ ಮದುವೆಗಳಲ್ಲಿ ಹೆಚ್ಚು. ಅಂಥ ಮನೆಯಲ್ಲಿ ದೊಡ್ಡ ಕಣ್ಣಿನ, ಬೆಳಕು ತಾಳದ ಕೂಸು ಕಂಡರೆ ಮಾರನೇ ದಿನಕ್ಕೆ ತಳ್ಳಬೇಡಿ. ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕಣ್ಣಿನ ವಿಭಾಗಕ್ಕೆ ಕಳಿಸಿ.

ದೃಷ್ಟಿಯ ಮಾತಿಗೆ ಬರೋಣ. ನಾಳ ಕಟ್ಟಿದ ಮಕ್ಕಳಲ್ಲಿ ಎರಡು ಕಣ್ಣಿನ ಪವರ್ ಬೇರೆಬೇರೆ ಇರುವುದು ಹೆಚ್ಚೆಂದು ಕೆಲವು ಅಧ್ಯಯನಗಳು ಹೇಳಿವೆ. ಹಾಗಾದಾಗ ಮಿದುಳು ಚೆನ್ನಾಗಿ ಕಾಣುವ ಕಣ್ಣನ್ನೇ ನಂಬಿ ಇನ್ನೊಂದನ್ನು ಬಿಟ್ಟುಬಿಡುತ್ತದೆ, ಆ ಕಣ್ಣು ಮಂದವಾಗುತ್ತದೆ. ನೀರು ನಿಂತ ಮೇಲೂ ಒಮ್ಮೆ ಪವರ್ ಪರೀಕ್ಷೆ ಮಾಡಿಸಿ ಎನ್ನುವುದು ಇದಕ್ಕೇ. ನಿಮ್ಮ 3, 6, 9, 12ನೇ ತಿಂಗಳ ಭೇಟಿಗಳಲ್ಲಿ ಹೀಗೆ ನೋಡಿ: ಮಗು ಆಟಿಕೆ ನೋಡುತ್ತಿರುವಾಗ ಅಂಗೈಯಿಂದ ಒಂದು ಕಣ್ಣು ಮರೆಮಾಡಿ, ಆಮೇಲೆ ಇನ್ನೊಂದು. ಬಲಗಣ್ಣು ಮುಚ್ಚಿದಾಗ ಮಾತ್ರ ಅತ್ತು ಕೈ ತಳ್ಳಿದರೆ ಎಡಗಣ್ಣಿಗೆ ಕಾಣುತ್ತಿಲ್ಲವೇನೋ. ಮೂರು ತಿಂಗಳಾದರೂ ಮುಖ ಹಿಂಬಾಲಿಸದಿದ್ದರೆ, ನಾಲ್ಕು ತಿಂಗಳ ಮೇಲೂ ಮೆಳ್ಳೆಗಣ್ಣಿದ್ದರೆ, ಮೊಬೈಲ್ ಫೋಟೋದಲ್ಲಿ ಒಂದು ಪಾಪೆ ಬೆಳ್ಳಗೆ ಹೊಳೆದರೆ ಕಳಿಸಲೇಬೇಕು. ಮೆಳ್ಳೆಗಣ್ಣು ಅದೃಷ್ಟ ಎಂಬ ಮಾತಿಗೆ ಕಿವಿಗೊಡಬೇಡಿ. ಬಿಳಿ ಪಾಪೆ ಎಂದರೆ ಕಣ್ಣಿನ ಪೊರೆಯೂ ಇರಬಹುದು, ಕಣ್ಣಿನ ಕ್ಯಾನ್ಸರೂ ಇರಬಹುದು, ಅಲ್ಲಿ ವಾರಗಳ ಲೆಕ್ಕವೂ ಮುಖ್ಯ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ಇದ್ದ ಮಗುವಿಗಂತೂ 30 ದಿನದೊಳಗೆ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಪರದೆ, ರೆಟಿನಾ) ಪರೀಕ್ಷೆ ಆಗಿದೆಯೇ ಎಂದು ಡಿಸ್ಚಾರ್ಜ್ ಚೀಟಿ ನೋಡಿ.

ಒತ್ತಲು ಶುರುಮಾಡಿದ ದಿನವನ್ನು ತಾಯಿ ಕಾರ್ಡಿನಲ್ಲಿ ಬರೆದಿಡಿ. ಈಗ ಎಲ್ಲರೂ ಕಿರುಬೆರಳನ್ನು ನಿಮ್ಮದೇ ಕಣ್ಣಿನ ಒಳಮೂಲೆಯಲ್ಲಿಟ್ಟು ಆ ಮೂಳೆಯ ಏಣು ಹುಡುಕಿ. ಒಬ್ಬೊಬ್ಬರ ಹತ್ತಿರವೂ ಬಂದು ಬೆರಳು ಗುಳಿಯಲ್ಲಿದೆಯೇ ನೋಡುತ್ತೇನೆ.