ಬೋರಿಂಗ್ ಎಣಿಸಿದರು, ನೀರು ನೋಡಲಿಲ್ಲ

ಬಾಂಗ್ಲಾದೇಶದ ಹಳ್ಳಿಗಳಲ್ಲಿ 2000ದ ಹೊತ್ತಿಗೆ ಬೋರಿಂಗ್ ಮೂತಿಗೆ ಬಣ್ಣ ಬಳಿಯುವ ಕೆಲಸ ಶುರುವಾಯಿತು. ಹಸಿರು ಅಂದರೆ ಕುಡಿಯಬಹುದು. ಕೆಂಪು ಅಂದರೆ ಪಾತ್ರೆ ತೊಳೆಯಿರಿ, ಬಟ್ಟೆ ಒಗೆಯಿರಿ, ಬಾಯಿಗೆ ಮಾತ್ರ ಹಾಕಬೇಡಿ. ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷೆ ಮಾಡಿದರು. ಸುಮಾರು 14 ಲಕ್ಷ ಬಾವಿಗಳಿಗೆ ಕೆಂಪು ಬಿತ್ತು. ಅವುಗಳ ನೀರಿನಲ್ಲಿ ಆರ್ಸೆನಿಕ್ ಅನ್ನುವ ವಿಷ ಮಿತಿ ಮೀರಿತ್ತು.

ತಮಾಷೆ ಏನು ಗೊತ್ತಾ? ಈ ಬೋರಿಂಗ್‌ಗಳು ಬಂದಿದ್ದೇ ಜನರ ಜೀವ ಉಳಿಸಲಿಕ್ಕೆ.

‘ಮಾನವ ಭದ್ರತೆ’ ಅನ್ನುವ ಮಾತನ್ನು ನೀವು ಕೇಳಿರಬಹುದು. 1994ರಲ್ಲಿ ವಿಶ್ವಸಂಸ್ಥೆಯ ಒಂದು ವರದಿ ಇದನ್ನು ಚಾಲ್ತಿಗೆ ತಂದಿತು. ಆ ವರದಿಯ ಹಿಂದೆ ಇದ್ದವರು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ಗಡಿ ಕಾಯುವುದಷ್ಟೇ ಭದ್ರತೆ ಅಲ್ಲ, ಊಟ, ಆರೋಗ್ಯ, ದುಡಿಮೆ, ಪರಿಸರ ಎಲ್ಲವೂ ಭದ್ರತೆಯೇ ಅಂತ ಅವರ ವಾದ. ಒಳ್ಳೆಯ ಮಾತೇ. ತೊಡಕು ಇರುವುದು ಅಳತೆಯಲ್ಲಿ. ಮಗುವಿಗೆ ಭೇದಿ ಆಗಲಿಲ್ಲ ಅನ್ನುವುದರ ಫೋಟೋ ತೆಗೆಯಲು ಆಗುತ್ತದಾ? ಬೋರಿಂಗ್‌ನ ಫೋಟೋ ತೆಗೆಯಬಹುದು. ಪಕ್ಕದಲ್ಲಿ ಬಿಂದಿಗೆ ಹಿಡಿದು ನಗುವ ಹೆಂಗಸರ ಸಮೇತ.

ಬಾಂಗ್ಲಾದಲ್ಲಿ ಜನ ಕೆರೆ, ಹೊಂಡದ ನೀರು ಕುಡಿಯುತ್ತಿದ್ದರು. ಕಾಲರಾ, ಭೇದಿಗೆ ಮಕ್ಕಳು ಸಾಯುತ್ತಿದ್ದವು. 1970ರ ದಶಕದಲ್ಲಿ ಯುನಿಸೆಫ್ ಮತ್ತು ಅಲ್ಲಿನ ಸರ್ಕಾರ ಸೇರಿ ಕೈಪಂಪಿನ ಕೊಳವೆ ಬಾವಿ ಹಾಕಿಸಲು ಹೊರಟವು. ಆಮೇಲೆ ಜನ ತಮ್ಮದೇ ದುಡ್ಡಲ್ಲೂ ಕೊರೆಸಿಕೊಂಡರು. ನೆಲದಡಿಯ ನೀರು ಶುದ್ಧ ಅಂತ ಎಲ್ಲರ ನಂಬಿಕೆ. ಆರ್ಸೆನಿಕ್ ಇದೆಯಾ ಅಂತ ಯಾರೂ ನೋಡಲಿಲ್ಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಮೈಮೇಲೆ ಕಲೆ ಏಳುವುದಕ್ಕೆ, ಅಂಗೈ ಅಂಗಾಲು ಗಂಟುಗಂಟಾಗಿ ಗಟ್ಟಿಯಾಗುವುದಕ್ಕೆ ವರ್ಷಗಳೇ ಬೇಕು. ಕ್ಯಾನ್ಸರ್ ಬರುವುದು ಇನ್ನೂ ತಡವಾಗಿ.

ಸುಳಿವು ಇರಲಿಲ್ಲ ಅಂತಲ್ಲ. 1980ರ ದಶಕದ ಮೊದಲಲ್ಲೇ ಕಲ್ಕತ್ತದ ಚರ್ಮರೋಗ ವೈದ್ಯ ಕೆ. ಸಿ. ಸಾಹಾ ಪಶ್ಚಿಮ ಬಂಗಾಳದ ಹಳ್ಳಿಗರಲ್ಲಿ ಇದನ್ನು ಗುರುತಿಸಿದ್ದರು. ಗಡಿಯಾಚೆಯಲ್ಲಿ ಅದು ಖಚಿತವಾಗಿದ್ದು 1993ರಲ್ಲಿ, ಚಪಾಯ್ ನವಾಬ್‌ಗಂಜ್‌ನಲ್ಲಿ. ಈಗ ಕೇಳಿ. 1997ರಲ್ಲಿ ಯುನಿಸೆಫ್‌ನ ಬಾಂಗ್ಲಾ ವರದಿ ಏನು ಹೇಳಿತು? 2000ದೊಳಗೆ ಶೇ. 80 ಜನರಿಗೆ ‘ಸುರಕ್ಷಿತ’ ನೀರು ಕೊಡುವ ಗುರಿಯನ್ನು ಆಗಲೇ ದಾಟಿದ್ದೇವೆ ಅಂತ. ಮೂರು ವರ್ಷ ಮೊದಲೇ ಪಾಸು! ಅದೇ 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೇಖನ, 12.5 ಕೋಟಿ ಜನರಲ್ಲಿ 3.5ರಿಂದ 7.7 ಕೋಟಿ ಜನ ವಿಷದ ನೀರಿನ ಅಪಾಯದಲ್ಲಿದ್ದಾರೆ ಅಂದಿತು.

ವರದಿ ಬರೆದವರು ಸುಳ್ಳು ಹೇಳಲಿಲ್ಲ. ಬಾವಿ ಎಣಿಸಿದರು, ಲೆಕ್ಕ ಸರಿಯಾಗಿಯೇ ಇತ್ತು. ನನಗೆ ಭಯ ಹುಟ್ಟಿಸುವುದು ಅದೇ.

1992ರಲ್ಲಿ ಬ್ರಿಟಿಷ್ ಭೂಗರ್ಭ ಸಮೀಕ್ಷಾ ಸಂಸ್ಥೆ ಅಲ್ಲಿನ ಅಂತರ್ಜಲವನ್ನು ಪರೀಕ್ಷಿಸಿತ್ತು. ಹಲವು ಧಾತುಗಳನ್ನು ಹುಡುಕಿತ್ತು. ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಕಾಯಿಲೆ ಬಿದ್ದ ಒಬ್ಬ ಹಳ್ಳಿಗ ಲಂಡನ್ನಿನಲ್ಲಿ ಕೇಸು ಹಾಕಿದ. 2006ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತ. ಅವನ ನೀರಿನ ಹೊಣೆ ಆ ಸಂಸ್ಥೆಯದ್ದಲ್ಲ ಅಂತ ತೀರ್ಪು. ಕಾನೂನಿನ ಪ್ರಕಾರ ಸರಿ ಇರಬಹುದು. ಹಾಗಾದರೆ ಹೊಣೆ ಯಾರದ್ದು?

ಹಾಗಂತ ಬೋರಿಂಗ್ ಹಾಕಿಸಿದ್ದೇ ತಪ್ಪು ಅನ್ನುವವರ ಜೊತೆ ನಾನಿಲ್ಲ. ಬಾಂಗ್ಲಾದ ಬಾರಿಸಾಲ್ ಕಡೆ ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಮಾಡಿದರು. ಆರ್ಸೆನಿಕ್‌ಗೆ ಹೆದರಿ ಮನೆ ಹತ್ತಿರದ ಬಾವಿ ಬಿಟ್ಟ ಕಡೆ ಚಿಕ್ಕ ಮಕ್ಕಳ ಸಾವು ಜಾಸ್ತಿಯಾಗಿತ್ತು. ದೂರದಿಂದ ತಂದು ಕೂಡಿಟ್ಟ ನೀರು, ಹೊಂಡದ ನೀರು ಮತ್ತೆ ಭೇದಿ ತಂದಿತ್ತು. ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದರ ಬಾಯಿಗೆ. ಆರೋಗ್ಯ ಇಲಾಖೆಗೆ ಒಂದು ಫಾರಂ, ನೀರಿನ ಇಲಾಖೆಗೆ ಇನ್ನೊಂದು ಅಂತ ಬೇರೆ ಬೇರೆ ತುಂಬುತ್ತಾ ಕೂತರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ಆಮೇಲೆ ಪರಿಹಾರ ಅಂತ ಆಳದ ಬಾವಿ ಬಂತು. ಅಷ್ಟು ಆಳದಲ್ಲಿ ಸಾಮಾನ್ಯವಾಗಿ ಆರ್ಸೆನಿಕ್ ಕಮ್ಮಿ. ಆದರೆ 2016ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಬಂದಾಗ ಗೊತ್ತಾಗಿದ್ದು, ಸರ್ಕಾರದ ಎಷ್ಟೋ ಹೊಸ ಬಾವಿಗಳು ರಾಜಕಾರಣಿಗಳ ಬೆಂಬಲಿಗರ ಅಂಗಳ ಸೇರಿದ್ದವು. ಸುಮಾರು 2 ಕೋಟಿ ಜನ ಆಗಲೂ ಅದೇ ನೀರು ಕುಡಿಯುತ್ತಿದ್ದರು. ‘ಎಷ್ಟು ಬಾವಿ?’ ಅಂತ ಕೇಳಿದರೆ ಈ ಯೋಜನೆಯೂ ಪಾಸೇ. ‘ಯಾರ ಮನೆ ಮುಂದೆ?’ ಅಂತ ಕೇಳಬೇಕಿತ್ತು.

ನನ್ನ ಸಿಟ್ಟು ಇಷ್ಟೇ. ಯೋಜನೆಯ ಆಯಸ್ಸು ಮೂರೋ ಐದೋ ವರ್ಷ. ಮುಗಿಯುವ ಹೊತ್ತಿಗೆ ಒಬ್ಬರು ಬಂದು ಮೌಲ್ಯಮಾಪನ ಮಾಡಿ, ವರದಿ ಕೊಟ್ಟು ಹೋಗುತ್ತಾರೆ. ವಿಷಕ್ಕೆ ಹತ್ತು ವರ್ಷ ಬೇಕು ಅಂದರೆ ಅದಕ್ಕಾಗಿ ಕಾಯುವವರು ಯಾರು? ದುಡ್ಡು ಕೊಡುವಾಗಲೇ ಹತ್ತನೇ ವರ್ಷದ ಭೇಟಿಗೂ ದುಡ್ಡು ತೆಗೆದಿಡಿ. ಯೋಜನೆ ನಡೆಸಿದವರನ್ನೇ ಅದಕ್ಕೆ ಕಳಿಸಬೇಡಿ. ಬಂದವರು ಬಾವಿ ಎಣಿಸುವ ಮೊದಲು ಆ ಮನೆಯ ಹೆಂಗಸಿನ ಅಂಗೈ ನೋಡಲಿ. ಈ ಪಂಪು ಬಂದ ಮೇಲೆ ನಿಮಗೆ ಹೊಸದಾಗಿ ಏನಾಯಿತಮ್ಮಾ ಅಂತ ಕೇಳಲಿ.

ಆ ಕೆಂಪು, ಹಸಿರು ಬಣ್ಣ ಎಷ್ಟೋ ಕಡೆ ಮಾಸಿ ಹೋಯಿತು. ಜನ ಆಮೇಲೂ ಕೊರೆಸುತ್ತಲೇ ಹೋದರು. ಆ ಹೊಸ ಬಾವಿಗಳಲ್ಲಿ ಎಷ್ಟೋ ಬಾವಿಗಳ ನೀರನ್ನು ವರ್ಷಗಟ್ಟಲೆ ಯಾರೂ ಪರೀಕ್ಷೆ ಮಾಡಲಿಲ್ಲ.